ಮನೆಯ ಬರ್ಗರಿಗೆ ಶಿರೂರಿನ ಬಿಡಿ ಬನ್ನು

ಮನೆಯಲ್ಲಿ ಹ್ಯಾಂಬರ್ಗರ್ ಮಾಡುವವರ ಗಮನವೆಲ್ಲ ಸಾಮಾನ್ಯವಾಗಿ ಪ್ಯಾಟಿಯ ಮೇಲೆ, ಅಂದರೆ ಕೊಚ್ಚಿದ ಮಾಂಸ, ಮೀನು ಅಥವಾ ಬೇಯಿಸಿದ ಆಲೂಗಡ್ಡೆಯನ್ನು ತಟ್ಟಿ ಕಾವಲಿಯ ಮೇಲೆ ಬೇಯಿಸುವ ಬಿಲ್ಲೆಯ ಮೇಲೆ ಇರುತ್ತದೆ. ಬನ್ನು ಕೊನೆಯ ಗಳಿಗೆಯಲ್ಲಿ ಅಂಗಡಿಯಿಂದ ತರಿಸುವ ಸಾಮಾನಾಗಿ ಉಳಿದುಬಿಡುತ್ತದೆ. ಆದರೆ ಮೊದಲ ತುತ್ತಿಗೇ ಪ್ಯಾಟಿ ಹಿಂದಿನಿಂದ ಜಾರಿ ಹೊರಬಂದರೂ, ರಸ ಇಳಿದು ತಳ ಹರಿದರೂ, ಅದಕ್ಕೆ ಬಹುಪಾಲು ಕಾರಣ ಬನ್ನಿನ ಆಯ್ಕೆಯೇ ಆಗಿರುತ್ತದೆ. ಈ ಮಾತಿಗೆ ತಕ್ಕ ಪುರಾವೆ ಬೈಂದೂರು ತಾಲ್ಲೂಕಿನ ಶಿರೂರಿನಲ್ಲಿ ಸಿಗುತ್ತದೆ. 2024ರ ಜುಲೈಯಲ್ಲಿ ಗುಡ್ಡ ಕುಸಿದು ಸುದ್ದಿಯಾದ ಅಂಕೋಲಾ ತಾಲ್ಲೂಕಿನ ಶಿರೂರು ಬೇರೆ. ಇದು ಉಡುಪಿ ಜಿಲ್ಲೆಯ ಉತ್ತರದ ತುದಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಭಟ್ಕಳದ ನೆರೆಯಲ್ಲಿರುವ ಊರು. ಗಲ್ಫ್ ದುಡಿಮೆಯ ನಂಟು ಗಟ್ಟಿಯಾಗಿರುವ ಈ ಕರಾವಳಿಯ ಮನೆಗಳಿಗೆ ಬರ್ಗರ್ ಹೊಸತೇನೂ ಅಲ್ಲ.

ಈಚೆಗೆ ಅಲ್ಲಿನ ಪೇಟೆಯ ಬೇಕರಿಯೊಂದರಲ್ಲಿ ಕಂಡ ಎರಡು ತಟ್ಟೆಗಳು ಇಡೀ ವಿಷಯವನ್ನು ಬಿಡಿಸಿ ತೋರಿಸುವಂತಿದ್ದವು. ಒಂದರಲ್ಲಿ ಹಿಟ್ಟಿನ ಉಂಡೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೇಯಿಸಿದ್ದರಿಂದ ಬನ್ನುಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದಾಗ ನೆತ್ತಿ ಮಾತ್ರ ಕಂದಾಗಿ ಹೊಳೆಯುತ್ತಿತ್ತು, ಪಕ್ಕಗಳು ಬಿಳಿಯಾಗಿ ಎಳೆಎಳೆಯಾಗಿ ಹರಿದು ಬಂದವು. ಇನ್ನೊಂದರಲ್ಲಿ ಉಂಡೆಗಳ ನಡುವೆ ಎರಡು ಬೆರಳಿನಷ್ಟು ಜಾಗ ಬಿಡಲಾಗಿತ್ತು, ಆದ್ದರಿಂದ ಭಟ್ಟಿಯ ಬಿಸಿ ಸುತ್ತಲೂ ತಾಗಿ ಪ್ರತಿ ಬನ್ನಿಗೂ ಬುಡದವರೆಗೆ ತೆಳುವಾದ ಸಿಪ್ಪೆ ಬಂದಿತ್ತು. ಎರಡಕ್ಕೂ ಹಿಟ್ಟು ಒಂದೇ, ಭಟ್ಟಿಯೂ ಒಂದೇ. ಹೆಬ್ಬೆರಳಿನಿಂದ ಒತ್ತಿದರೆ ಮೊದಲನೆಯದು ತಗ್ಗಿ ಹಾಗೆಯೇ ಉಳಿಯುತ್ತಿತ್ತು, ಎರಡನೆಯದು ನಿಧಾನವಾಗಿ ಮೇಲೆದ್ದು ಮೊದಲಿನ ಆಕಾರಕ್ಕೆ ಬರುತ್ತಿತ್ತು. ಕೊಬ್ಬು ಮತ್ತು ರಸ ಬಿಡುವ ಮಟನ್ ಖೀಮಾದ ಪ್ಯಾಟಿಗೆ ಬೇಕಾದದ್ದು ಈ ಬಿಡಿ ಬನ್ನು, ಏಕೆಂದರೆ ಪಕ್ಕದ ಸಿಪ್ಪೆ ರಸವನ್ನು ತಡೆಯುತ್ತದೆ ಮತ್ತು ಕೈಯ ಹಿಡಿತಕ್ಕೆ ಬನ್ನು ಕುಸಿಯುವುದಿಲ್ಲ. ಮುಳ್ಳು ತೆಗೆದ ಮೀನಿನ ಅಥವಾ ಸಿಗಡಿಯ ಮೆತ್ತನೆಯ ಪ್ಯಾಟಿಗಾದರೆ ಅಂಟುಬನ್ನೋ ಪಾವೋ ಒಳ್ಳೆಯದು. ಬನ್ನು ಪ್ಯಾಟಿಗಿಂತ ಗಟ್ಟಿಯಾಗಿದ್ದರೆ ಹಲ್ಲು ಅದನ್ನು ಕತ್ತರಿಸುವ ಮೊದಲೇ ಒಳಗಿನದು ಹಿಂಡಿ ಹೊರಬರುತ್ತದೆ.

ಬರ್ಗರಿನ ಚರಿತ್ರೆಯಲ್ಲಿ ಬನ್ನಿಗೆ ಇರುವ ಸ್ಥಾನವನ್ನು ಚುಟುಕಾಗಿ ಹೇಳಬಹುದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ 1916ರಲ್ಲಿ ಬರ್ಗರ್ ಅಂಗಡಿ ತೆರೆದ ವಾಲ್ಟರ್ ಆಂಡರ್ಸನ್ ಅವರನ್ನು ಬರ್ಗರಿಗೆಂದೇ ಬನ್ನು ರೂಪಿಸಿದವರೆಂದು ಹೇಳುವುದುಂಟು. 1921ರಲ್ಲಿ ಅದೇ ನಗರದಲ್ಲಿ ಅವರು ಪಾಲುದಾರರಾಗಿ ಆರಂಭವಾದ ವೈಟ್ ಕ್ಯಾಸಲ್ ಬರ್ಗರನ್ನು ಸರಣಿ ಅಂಗಡಿಗಳ ತಿಂಡಿಯಾಗಿಸಿತು. ಭಾರತಕ್ಕೆ ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯ ಮೂಲಕ ಬಂದಿತು. ಅಷ್ಟರಲ್ಲಿ ಗೋವಾದ ಪಾವ್, 1880ರಲ್ಲಿ ತಲಶ್ಶೇರಿಯಲ್ಲಿ ಶುರುವಾದ ಮಾಂಬಳ್ಳಿ ಬೇಕರಿ, ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳು, ಇವೆಲ್ಲ ಸೇರಿ ಪಶ್ಚಿಮ ಕರಾವಳಿಗೂ ಒಳನಾಡಿಗೂ ಮೆತ್ತನೆಯ ಬನ್ನಿನ ರುಚಿ ಹತ್ತಿಸಿಯಾಗಿತ್ತು.

ಆಯ್ಕೆಯಷ್ಟೇ ಮುಖ್ಯವಾದದ್ದು ಬನ್ನಿನ ವಯಸ್ಸು, ಮತ್ತು ಇಲ್ಲಿ ಕರಾವಳಿಯ ಅಡುಗೆಮನೆಗಳ ಒಂದು ರೂಢಿಯನ್ನು ಪ್ರಶ್ನಿಸಲೇಬೇಕು. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆಂಬ ಭಯದಿಂದ ಬನ್ನನ್ನು ಫ್ರಿಜ್ಜಿನಲ್ಲಿ ಇಡಲಾಗುತ್ತದೆ, ಮರುದಿನ ಅದು ಗಟ್ಟಿಯಾದಾಗ ಒಣಗಿತೆಂದು ತಿಳಿಯಲಾಗುತ್ತದೆ. ಒಣಗುವುದೇ ಕಾರಣವಲ್ಲ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬುಸಾಂಗೋ 1852ರಷ್ಟು ಹಿಂದೆಯೇ ತೋರಿಸಿದ್ದರು: ತೇವ ಹೊರಹೋಗದಂತೆ ಮುಚ್ಚಿಟ್ಟ ಬ್ರೆಡ್ಡೂ ಹಳಸಲಾಗುತ್ತದೆ, ಬಿಸಿಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಭಟ್ಟಿಯಲ್ಲಿ ನೀರು ಹೀರಿ ಉಬ್ಬಿದ ಮೈದಾದ ಪಿಷ್ಟ ತಣ್ಣಗಾದ ಮೇಲೆ ಮತ್ತೆ ಹರಳುಗಟ್ಟತೊಡಗುತ್ತದೆ, ಅದಕ್ಕೆ ಪಿಷ್ಟದ ಮರುಸ್ಫಟಿಕೀಕರಣ ಎಂದು ಹೆಸರು. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಮೇಲಿನ ಉಷ್ಣತೆಯಲ್ಲಿ, ಅಂದರೆ ಫ್ರಿಜ್ಜಿನ ಹೊಟ್ಟೆಯಲ್ಲಿಯೇ, ಈ ಕ್ರಿಯೆ ಅತಿ ವೇಗವಾಗಿ ನಡೆಯುತ್ತದೆ. ಹಾಗಾಗಿ ಹೊರಗೆ ಡಬ್ಬಿಯಲ್ಲಿದ್ದ ಬನ್ನಿಗಿಂತ ಫ್ರಿಜ್ಜಿನಲ್ಲಿದ್ದದ್ದೇ ಬೇಗ ಮುದಿಯಾಗುತ್ತದೆ. ಫ್ರೀಜರಿನಲ್ಲಿ ಈ ಕ್ರಿಯೆ ಬಹುಮಟ್ಟಿಗೆ ನಿಂತುಬಿಡುತ್ತದೆ, ಮತ್ತು ಸುಮಾರು 60 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿ ತಾಗಿದಾಗ ಹರಳು ಕರಗಿ ಬನ್ನು ಸ್ವಲ್ಪ ಹೊತ್ತಿಗೆ ಮರುಜೀವ ಪಡೆಯುತ್ತದೆ. ಉಳಿದ ಬನ್ನನ್ನು ಅದೇ ದಿನ ಗಾಳಿಯಾಡದಂತೆ ಕಟ್ಟಿ ಫ್ರೀಜರಿಗೆ ಹಾಕುವುದು, ಇಲ್ಲವೇ ಅದೇ ದಿನ ತಿಂದು ಮುಗಿಸುವುದು, ಇವೆರಡೇ ಸರಿಯಾದ ದಾರಿಗಳು.

ಪ್ಯಾಕೆಟ್ಟಿನ ಎಳ್ಳು ಹಚ್ಚಿದ ಬರ್ಗರ್ ಬನ್ನುಗಳಿಗೆ ಆಕಾರದ ಅನುಕೂಲವಿದೆ, ರುಚಿಯಲ್ಲಿ ಹೆಚ್ಚಿನದೇನೂ ಇಲ್ಲ. ದಿನಗಟ್ಟಲೆ ಬಾಳಬೇಕಾದ್ದರಿಂದ ಇಂಥ ಬನ್ನುಗಳಿಗೆ ಸಾಮಾನ್ಯವಾಗಿ ಬೂಸ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್‌ನಂಥ ಸಂರಕ್ಷಕ ಸೇರುತ್ತದೆ. ಹಿಟ್ಟನ್ನು ಹದಗೊಳಿಸಲು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ನಿಷೇಧಿಸಿರುವುದರಿಂದ ಆ ಆತಂಕಕ್ಕೆ ಇಂದು ಕಾರಣವಿರಬಾರದು. ದೊಡ್ಡ ಹೋಟೆಲುಗಳು ಮೆರೆಸುವ ಬ್ರಿಯೋಶ್, ಅಂದರೆ ಮೊಟ್ಟೆ ಮತ್ತು ಬೆಣ್ಣೆ ಧಾರಾಳವಾಗಿ ಬೆರೆಸಿದ ಫ್ರಾನ್ಸಿನ ಬ್ರೆಡ್ಡು, ಕರಾವಳಿಯ ಸೆಕೆಯಲ್ಲಿ ಜಿಡ್ಡಾಗಿ ನಾಲಿಗೆಗೆ ಬೇಗ ಸಾಕಾಗುತ್ತದೆ. ಕುಂದಾಪುರದ ಮಸಾಲೆ ಹಾಕಿದ ಕೋಳಿಯ ಪ್ಯಾಟಿಗೆ ಅದು ಜೊತೆಯೇ ಅಲ್ಲ. ಬೇಕರಿಯ ಸಿಹಿ ಬನ್ನೂ ಕಾವಲಿಗೆ ಹಾಕಿದೊಡನೆ ಸಕ್ಕರೆಯಿಂದಾಗಿ ಕರಿಯಾಗುತ್ತದೆ, ಆದ್ದರಿಂದ ಕೊಳ್ಳುವಾಗ ಸಪ್ಪೆ ಬನ್ನನ್ನೇ ಕೇಳಬೇಕು.

ಅಳತೆಯ ವಿಷಯದಲ್ಲಿ ನೆನಪಿಡಬೇಕಾದದ್ದು ಕಡಿಮೆ. ಮಾಂಸದ ಪ್ಯಾಟಿ ಬೇಯುತ್ತ ಕುಗ್ಗುವುದರಿಂದ ಹಸಿಯಿರುವಾಗ ಬನ್ನಿಗಿಂತ ಒಂದು ಸೆಂಟಿಮೀಟರಿನಷ್ಟು ಅಗಲವಾಗಿ ತಟ್ಟಬೇಕು, ಆಲೂಗಡ್ಡೆಯದಕ್ಕೆ ಆ ಲೆಕ್ಕ ಬೇಡ. ಬನ್ನನ್ನು ಪೂರ್ತಿ ತಣಿದ ಮೇಲೆ ಹಲ್ಲಿರುವ ಚಾಕುವಿನಿಂದ, ಕೆಳಗಿನ ಹೋಳು ತುಸು ದಪ್ಪವಾಗಿರುವಂತೆ ಕೊಯ್ಯಬೇಕು, ಏಕೆಂದರೆ ರಸವೆಲ್ಲ ಇಳಿಯುವುದು ಅಲ್ಲಿಗೇ. ಕೊಯ್ದ ಮೈಗೆ ಬೆಣ್ಣೆ ಸವರಿ, ಅದೇ ಮೈಯನ್ನು ಕಾವಲಿಗೆ ಒತ್ತಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕಾಯಿಸಿದರೆ, ಹುರಿದ ಪದರವೂ ಬೆಣ್ಣೆಯ ಜಿಡ್ಡೂ ಸೇರಿ ರಸವನ್ನು ತಿಂದು ಮುಗಿಸುವವರೆಗಾದರೂ ತಡೆಯುತ್ತವೆ. ಕಾಯಿಸದ ಬನ್ನಿನಲ್ಲಿ ಬರ್ಗರ್ ಕಟ್ಟುವುದೇ ತಪ್ಪು.

ಬರ್ಗರ್ ಮಾಡುವ ದಿನ ಬೆಳಗ್ಗೆಯೇ ಊರಿನ ಬೇಕರಿಗೆ ಹೋಗಿ, ಸಕ್ಕರೆ ಕಡಿಮೆ ಹಾಕಿ, ತಟ್ಟೆಯಲ್ಲಿ ಜಾಗ ಬಿಟ್ಟು ಬೇಯಿಸಿದ ಬನ್ನು ಸಂಜೆಗೆ ಬೇಕೆಂದು ಹೇಳಿಬನ್ನಿ. ಎಷ್ಟು ಬೇಕೆಂದು ಮೊದಲೇ ಗೊತ್ತಾದರೆ ಭಟ್ಟಿಯವರಿಗೆ ಅದು ಕಷ್ಟದ ಕೆಲಸವಲ್ಲ.