ಬೇಸಗೆಯ ರಜೆಯೂ ಒತ್ತಕ್ಷರವೂ

ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ಮುಗಿದೊಡನೆ ಮಕ್ಕಳ ಪುಸ್ತಕದ ಚೀಲ ಅಟ್ಟವೇರುತ್ತದೆ. ಶಾಲೆಯ ಬಾಗಿಲು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಅದುವರೆಗೆ ಮಾವಿನಕಾಯಿ, ಬೀದಿಯ ಕ್ರಿಕೆಟ್ಟು, ಮೊಬೈಲು, ಎಲ್ಲಕ್ಕೂ ವೇಳೆಯುಂಟು. ಆಡುವ ಮಕ್ಕಳನ್ನು ಗದರಿಸುವುದು ಅನ್ಯಾಯವೇ ಸರಿ. ಆದರೆ ನಗರದ ಮನೆಗಳಲ್ಲಿ ಈ ಆರೇಳು ವಾರಗಳಲ್ಲಿ ಸದ್ದಿಲ್ಲದೆ ಸವೆಯುವುದೊಂದುಂಟು: ಮಗುವಿನ ಕನ್ನಡದ ಓದು.

ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಗುವಿಗೆ ಕನ್ನಡವು ಬಹುಮಟ್ಟಿಗೆ ಒಂದು ಪಾಠದ ವಿಷಯ ಮಾತ್ರ. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಬಾಲಕನೂ 'ಸಾಮರ್ಥ್ಯ', 'ರಾಷ್ಟ್ರ' ಎಂಬ ಶಬ್ದಗಳೆದುರು ತಡೆದು ನಿಲ್ಲುತ್ತಾನೆ. ಒತ್ತಕ್ಷರ ಬಿಡಿಸುವುದರಲ್ಲೇ ಗಮನವೆಲ್ಲ ವ್ಯಯವಾದರೆ, ವಾಕ್ಯದ ಕೊನೆ ಮುಟ್ಟುವಾಗ ಅದರ ಆರಂಭವೇ ಮರೆತಿರುತ್ತದೆ. ಇನ್ನು ಕಥೆಯ ರುಚಿ ಹತ್ತುವುದೆಂತು? ಇದು ದಡ್ಡತನವಲ್ಲ, ಕಣ್ಣಿಗೆ ಅಭ್ಯಾಸ ಸಾಲದು, ಅಷ್ಟೆ.

ಆದುದರಿಂದ ರಜೆಯ ಪುಸ್ತಕವು ತರಗತಿಯ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರೇ ಲೇಸು. ಐದನೆಯ ತರಗತಿಯ ಹುಡುಗಿ ಪಂಜೆ ಮಂಗೇಶರಾಯರ (1874–1937) ಪುಟ್ಟ ಕಥೆಗಳನ್ನೋದಿ ನಕ್ಕರೆ, "ಇದು ಚಿಕ್ಕವರದಲ್ಲವೆ?" ಎಂದು ಹಂಗಿಸಬಾರದು. ಒಂದೇ ಕಥೆಯನ್ನು ಮೂರು ಬಾರಿ ಓದಿದರೂ ನಷ್ಟವಿಲ್ಲ. ಮೂರನೆಯ ಬಾರಿಗೆ ನಾಲಗೆ ತಾನಾಗಿ ಓಡುತ್ತದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಂತೂ ಕಣ್ಣಿಗಿಂತ ಕಿವಿಗೇ ಹೇಳಿಮಾಡಿಸಿದ್ದು. ಬ್ರೌನಿಂಗ್ ಕವಿ ವರ್ಣಿಸಿದ ಜರ್ಮನಿಯ ಇಲಿಗಳು ಅಲ್ಲಿ ತುಂಗಾತೀರದ ಅಚ್ಚಕನ್ನಡ ಇಲಿಗಳಾಗಿವೆ. ರಾತ್ರಿ ಊಟವಾದ ಮೇಲೆ ತಂದೆ ಗಟ್ಟಿಯಾಗಿ ಅರ್ಧ ಓದಿ, ಇಲಿಗಳು ಜೋಗಿಯ ಬೆನ್ನುಹತ್ತಿ ಹೊರಟಲ್ಲಿಗೆ ನಿಲ್ಲಿಸಿ ಎದ್ದುಹೋಗಲಿ. ಮುಂದೇನಾಯಿತೆಂದು ತಿಳಿಯಲು ಮಗು ತಾನೇ ಪುಟ ಹುಡುಕೀತು. ಕಥೆಯನ್ನೇ ಒಲ್ಲದ ಹುಡುಗನಿಗೆ ದಿನಪತ್ರಿಕೆಯ ಕ್ರಿಕೆಟ್ ವರದಿಯಾದರೂ ಆದೀತು, ಅದೂ ಕನ್ನಡವೇ.

ಓದಿ ಮುಗಿಸಿದ ಮಗುವನ್ನು "ಕಥೆಯ ನೀತಿಯೇನು?" ಎಂದು ಕೇಳಿದಿರೋ, ರಜೆಯ ಓದು ಅಲ್ಲಿಗೆ ಪರೀಕ್ಷೆಯಾಯಿತು! ಅದಕ್ಕೆ ಬದಲು, ಅಜ್ಜಿಗೆ ವಾರಪತ್ರಿಕೆಯ ಧಾರಾವಾಹಿಯನ್ನು ಓದಿಹೇಳುವ ಕೆಲಸ ಮೊಮ್ಮಗನದಾಗಲಿ. ಅಜ್ಜಿ ತಪ್ಪು ತಿದ್ದುವರೇ ಹೊರತು ಅಂಕ ಕೊಡುವವರಲ್ಲ. ಅವರ ಕನ್ನಡಕ ಆಗಾಗ ಕಾಣೆಯಾದರೂ ಚಿಂತೆಯಿಲ್ಲ.

ಅಜ್ಜಿಯ ಮನೆ ಹಳ್ಳಿಯಲ್ಲಿದ್ದರೆ ಇನ್ನೊಂದು ಅನುಕೂಲವುಂಟು. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿ ಬರಮಾಡಿಕೊಂಡವು. ಊರಿಗೆ ಹೋದ ದಿನವೇ ಗ್ರಂಥಾಲಯ ತೆರೆಯುವ ವೇಳೆಯನ್ನು ಹಿರಿಯರು ವಿಚಾರಿಸಿಕೊಳ್ಳಲಿ. ಪುಸ್ತಕ ಆರಿಸುವ ಕೆಲಸ ಮಾತ್ರ ಮಗುವಿಗೇ ಇರಲಿ.