ಕೊಲ್ಲಿಯ ಬಿಸಿಲಿಗೆ ಊರಿನ ಪಾನಕ

ದುಬೈ, ಶಾರ್ಜಾಗಳಲ್ಲಿ ಬೇಸಿಗೆ ಬಂತೆಂದು ತಿಳಿಯಲು ನಲ್ಲಿ ತಿರುಗಿಸಿದರೆ ಸಾಕು. ತಾರಸಿಯ ಟ್ಯಾಂಕಿನಲ್ಲಿ ಕಾದ ನೀರು ಕೈ ಸುಡುವಂತೆ ಸುರಿಯುತ್ತದೆ. ಹಲವರು ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ನಿಂತು ತಣಿದ ನೀರಿನಲ್ಲೇ ಸ್ನಾನ ಮುಗಿಸುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಮಾಮೂಲು.

ಆ ಹೊತ್ತಿಗೆ ನಮ್ಮೂರಿನಲ್ಲಿ ಮಳೆ ಹಿಡಿದಿರುತ್ತದೆ. ಪಾನಕ, ಮಜ್ಜಿಗೆಯ ನೆನಪು ಹಿಂದೆ ಸರಿದು ಬಿಸಿ ಕಾಫಿ, ಕಷಾಯ ಶುರುವಾಗಿರುತ್ತದೆ. ಹೀಗಾಗಿ ಅಲ್ಲಿರುವ ಮಗನೋ ಗಂಡನೋ ಏನು ಕುಡಿಯುತ್ತಿದ್ದಾರೆ ಎಂದು ಕೇಳುವುದು ಮರೆತೇ ಹೋಗುತ್ತದೆ. ಆದರೆ ಅವರ ನಿಜವಾದ ಬೇಸಿಗೆ ಶುರುವಾಗುವುದೇ ಆಗ.

ಬೆವರು ಆರದ ಊರು

ಕೊಲ್ಲಿಯ ಕರಾವಳಿಯಲ್ಲಿ ಬಿಸಿಲಿನ ಜತೆಗೆ ಸೆಕೆಯೂ ವಿಪರೀತ. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ. ನೀರಿನೊಂದಿಗೆ ಉಪ್ಪೂ ದೇಹದಿಂದ ಹೊರಹೋಗುತ್ತದೆ. ಇದೇ ಕಾರಣಕ್ಕೆ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಹೊರಾಂಗಣ ಕೆಲಸ ಮಾಡಿಸುವಂತಿಲ್ಲ. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಈ ನಿರ್ಬಂಧವಿದೆ. ಸೌದಿ, ಕುವೈತ್‌ಗಳಲ್ಲೂ ಇಂಥ ನಿಯಮವಿದೆ.

ಬಿಸಿಲಿನಲ್ಲಿ ದುಡಿಯುವವರು ಬಾಯಾರುವವರೆಗೂ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕಡಿಮೆ ಮಾಡುವವರಿದ್ದಾರೆ. ಮೂತ್ರಪಿಂಡದ ಕಲ್ಲಿಗೆ ಇದೂ ಒಂದು ಕಾರಣ.

ಬಕಾಲಾದಲ್ಲೇ ಸಿಗುತ್ತದೆ ಮಜ್ಜಿಗೆ

ಅಲ್ಲಿನ ಓಣಿ ಓಣಿಯ ದಿನಸಿ ಅಂಗಡಿಗೆ 'ಬಕಾಲಾ' ಎನ್ನುತ್ತಾರೆ. ಅಲ್ಲಿ ಸಿಗುವ 'ಲಬನ್' ನಮ್ಮ ಮಜ್ಜಿಗೆಯ ಅಣ್ಣ ಇದ್ದಂತೆ, ಸ್ವಲ್ಪ ಗಟ್ಟಿ. ಅದಕ್ಕೆ ಅಷ್ಟೇ ನೀರು ಬೆರೆಸಿ, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಹಾಕಿದರೆ ಊರಿನ ಮಜ್ಜಿಗೆಯೇ ಆಯಿತು. ಹೊಸದಾಗಿ ಹೋದವರು 'ಲಬನೆ' ಎಂಬ ಡಬ್ಬಿ ತಂದು ಪೇಚಾಡುವುದುಂಟು. ಅದು ನೀರು ಬಸಿದ ಗಟ್ಟಿ ಮೊಸರು, ರೊಟ್ಟಿಗೆ ಹಚ್ಚಿಕೊಳ್ಳುವಂಥದ್ದು.

ರಾಗಿ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತದೆ. ರಾತ್ರಿ ಅಂಬಲಿ ಕಾಯಿಸಿಟ್ಟು, ಬೆಳಿಗ್ಗೆ ಲಬನ್, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿ ಕುಡಿದು ಹೊರಟರೆ ಹೊಟ್ಟೆಗೂ ಆಧಾರ. ಅರಬರ 'ತಮರ್ ಹಿಂದಿ' ಎಂದರೆ ಹುಣಸೆ ಹಣ್ಣಿನ ಪಾನಕ. ಹೆಸರಿನ ಅರ್ಥ 'ಭಾರತದ ಖರ್ಜೂರ'.

ಕೆಫೆಟೇರಿಯಾಗಳ ಲೆಮನ್ ಮಿಂಟ್ ಬಾಯಿಗೆ ಹಿತ, ಆದರೆ ಸಕ್ಕರೆ ಜಾಸ್ತಿ. ದಣಿವು ಕಳೆಯಲು ಎನರ್ಜಿ ಡ್ರಿಂಕ್‌ಗೆ ಮೊರೆಹೋಗುವುದು ಸರಿಯಲ್ಲ. ಅದರ ಕೆಫೀನ್ ನಿದ್ದೆ ಕೆಡಿಸುತ್ತದೆ. ಸೌದಿ ಮತ್ತು ಯುಎಇ 2017ರಲ್ಲೇ ಇವುಗಳ ಮೇಲೆ ಶೇ 100ರಷ್ಟು ಅಬಕಾರಿ ತೆರಿಗೆ ಹೇರಿವೆ.

ಏನು ಕಳಿಸಬಹುದು, ಏನು ಬೇಡ

ಕರಾವಳಿಯವರ ಪುನರ್ಪುಳಿ ಪಯಣಕ್ಕೆ ಹೇಳಿ ಮಾಡಿಸಿದ್ದು. ಮಳೆಗೆ ಮುಂಚೆ ಒಣಗಿಸಿದ ಸಿಪ್ಪೆ ಹಗುರ, ಕೆಡುವುದಿಲ್ಲ. ಒಂದು ಹಿಡಿ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಬೆಲ್ಲ, ಉಪ್ಪು, ಜೀರಿಗೆ ಪುಡಿ ಹಾಕಿದರೆ ಪಾನಕ ಸಿದ್ಧ. ಲಾವಂಚದ ಬೇರು, ರಾಗಿ ಹುರಿಹಿಟ್ಟನ್ನೂ ಕಳಿಸಬಹುದು. ಎಲ್ಲವೂ ಹೆಸರು ಬರೆದ ಅಂಗಡಿಯ ಪ್ಯಾಕೆಟ್‌ನಲ್ಲಿದ್ದರೆ ತಪಾಸಣೆಯಲ್ಲಿ ತೊಂದರೆ ಕಡಿಮೆ. ಸಿರಪ್ ಬಾಟಲಿಗಳನ್ನು ಕೈಚೀಲದಲ್ಲಿಡದೆ ಚೆಕ್-ಇನ್ ಲಗೇಜಿಗೆ ಹಾಕಿ.

ಒಂದು ಮಾತ್ರ ಕಡ್ಡಾಯವಾಗಿ ಬೇಡ: ಗಸಗಸೆ. ನಮ್ಮಲ್ಲಿ ತಂಪಿಗೆಂದು ಪಾಯಸ ಮಾಡುವ ಈ ಕಾಳು ಅಫೀಮು ಗಿಡದ ಬೀಜ. ಯುಎಇ, ಸೌದಿಗಳಲ್ಲಿ ಇದು ನಿಷಿದ್ಧ ವಸ್ತು. ಸಿಕ್ಕಿಬಿದ್ದರೆ ಮಾದಕವಸ್ತು ಪ್ರಕರಣದಲ್ಲಿ ಜೈಲು ಸೇರುವ ಅಪಾಯವಿದೆ. 'ಅಮ್ಮ ಕಟ್ಟಿಕೊಟ್ಟಿದ್ದು, ನನಗೆ ಗೊತ್ತಿರಲಿಲ್ಲ' ಎಂದರೆ ನಡೆಯುವುದಿಲ್ಲ. ಥಂಡಾಯಿ ಪುಡಿ, ಮಸಾಲೆ ಪುಡಿಗಳಲ್ಲೂ ಗಸಗಸೆ ಇರಬಹುದು, ನೋಡಿಯೇ ಕಟ್ಟಿ. ಬೇರೆಯವರು ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ.

ತೀರಾ ಸುಸ್ತಾದಾಗ

ವಿಪರೀತ ಬೆವರಿ ನಿತ್ರಾಣವಾದರೆ ಔಷಧದಂಗಡಿಯ ಓಆರ್‌ಎಸ್ ಒಳ್ಳೆಯದು. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಯಬಹುದು. ಇಲ್ಲಿ ಚಮಚವೆಂದರೆ ಟೀ ಚಮಚ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬಾರದು. ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಆಂಬುಲೆನ್ಸ್ ಕರೆಯಬೇಕು. ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್‌ನಲ್ಲಿ 999, ಕುವೈತ್‌ನಲ್ಲಿ 112. ಈ ಸಂಖ್ಯೆಗಳನ್ನು ನಿಮ್ಮವರಿಗೆ ಇಂದೇ ಕಳಿಸಿಡಿ.

ವಾರದ ಫೋನ್ ಮಾತು 'ಊಟ ಆಯ್ತಾ?' ಎಂದೇ ಶುರುವಾಗುತ್ತದೆ. ಸೆಪ್ಟೆಂಬರ್ ಮುಗಿಯುವ ತನಕ ಅದರ ಜತೆಗೆ ಇನ್ನೊಂದು ಸೇರಿಸಿ: 'ಇವತ್ತು ಎಷ್ಟು ನೀರು ಕುಡಿದೆ?' ಮೂತ್ರ ಕಡು ಹಳದಿ ಬಣ್ಣಕ್ಕೆ ತಿರುಗಿದ್ದರೆ ಕುಡಿದಿದ್ದು ಸಾಲದು ಎಂದೇ ಲೆಕ್ಕ. ಕೇಳಲು ಸಂಕೋಚ ಬೇಡ, ಅಷ್ಟು ದೂರದಲ್ಲಿರುವವರನ್ನು ಹೀಗೆ ಕೇಳಲು ಮನೆಯವರನ್ನು ಬಿಟ್ಟರೆ ಇನ್ಯಾರಿದ್ದಾರೆ?