ಸಾಹೇಬರಿಗೆ ಕಿರಿಕಿರಿ ‘ಆಯ್ತೋ’, ನಾವು ‘ಮಾಡಿದ್ವೋ’?

ಇಂಗ್ಲಿಷಿನ ‘ಅನಾಯ್’ ಕ್ರಿಯಾಪದಕ್ಕೆ ರೇಗಿಸು, ಕಿರಿಕಿರಿ ಮಾಡು ಎಂದು ಅರ್ಥ ಹೇಳ್ತೀವಿ. ಸರಿಯೇ. ಆದರೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಆ ಒಂದು ಪದದ ಕೆಲಸವನ್ನು ಹಲವು ಮಾತು ಹಂಚಿಕೊಂಡಿವೆ. ಹಟ ಹಿಡಿದ ಕೂಸು ‘ಕಾಡತೈತಿ’. ಕೇಳಿದ್ದನ್ನೇ ಕೇಳೋ ಗೆಳೆಯನಿಗೆ ‘ತಲಿ ತಿನ್ನಬ್ಯಾಡೋ’ ಅಂತೀವಿ. ಒಂದು ಸಹಿಗೆ ಹತ್ತು ಸಲ ಅಲೆಸಿದರೆ ಅದು ‘ತ್ರಾಸು’, ಕಿರಿಕಿರಿಗಿಂತ ದೊಡ್ಡದು.

ನನಗೆ ಮುಖ್ಯ ಅನಿಸೋದು ವ್ಯಾಕರಣ. ‘ನನಗ ಕಿರಿಕಿರಿ ಆಗತೈತಿ’ ಅಂದರೆ ಅನುಭವ ನನ್ನದು. ತಪ್ಪು ಯಾರದೂ ಆಗಿರಬೇಕಿಲ್ಲ. ‘ಅವ ಕಿರಿಕಿರಿ ಮಾಡತಾನ’ ಅಂದರೆ ಆರೋಪ. ‘ಅನಾಯ್’ ಈ ಗೆರೆಯನ್ನೇ ಅಳಿಸುತ್ತದೆ. ಪಕ್ಕದ ಮನೆಯ ಮಿಕ್ಸರ್ ಸದ್ದೂ ಅನಾಯ್ ಮಾಡುತ್ತದೆ, ಬೇಕಂತಲೇ ಕೆಣಕುವವನೂ ಮಾಡುತ್ತಾನೆ.

ಬರೀ ಭಾಷೆಯ ಚರ್ಚೆಯಾಗಿದ್ದರೆ ಬಿಡಬಹುದಿತ್ತು. ಐಟಿ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಎ ಸೆಕ್ಷನ್‌ನಲ್ಲಿ ‘ಅನಾಯನ್ಸ್’ ಅಪರಾಧದ ಅಳತೆಗೋಲಾಗಿತ್ತು. ಜೈಲು 3 ವರ್ಷದವರೆಗೆ. 2012ರಲ್ಲಿ ಬಾಳ ಠಾಕ್ರೆ ನಿಧನದ ನಂತರದ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಪಾಲ್ಘರ್‌ನ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಿದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ರದ್ದು ಮಾಡಿತು. ಒಬ್ಬರಿಗೆ ಕಿರಿಕಿರಿ ಅನಿಸಿದ್ದು ಇನ್ನೊಬ್ಬರಿಗೆ ಅನಿಸದೇ ಇರಬಹುದಲ್ಲ!

ಪದ ಮಾತ್ರ ಹೋಗಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 223ನೇ ಸೆಕ್ಷನ್ ನೋಡಿ. ಅಧಿಕಾರಿಯ ಆದೇಶ ಮೀರಿದ್ದರಿಂದ, ಕಾನೂನುಬದ್ಧ ಕೆಲಸದಲ್ಲಿ ಇರುವವರಿಗೆ ‘ಅನಾಯನ್ಸ್’ ಆದರೆ, ಆಗುವಂತಿದ್ದರೂ ಸಾಕು, 6 ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಐಪಿಸಿ 188ರಲ್ಲಿ ಇದು 1 ತಿಂಗಳು, 200 ರೂಪಾಯಿ ಇತ್ತು. ಕಾಲುವೆಯ ಕೊನೆ ಹಳ್ಳಿಗೆ ನೀರು ಬಂದಿಲ್ಲವೆಂದು ನಿಷೇಧಾಜ್ಞೆ ಇದ್ದಾಗ ತಹಶೀಲ್ದಾರ್ ಕಚೇರಿ ಮುಂದೆ ಕೂತವರ ಮೇಲೂ ಇದನ್ನು ಹಾಕಬಹುದು. ತೊಂದರೆ ಕೊಡುವ ಉದ್ದೇಶ ಇರಲೇಬೇಕಿಲ್ಲ ಅಂತ ಸೆಕ್ಷನ್‌ನ ವಿವರಣೆಯೇ ಹೇಳುತ್ತದೆ. ಅಂದರೆ ನಮ್ಮ ‘ಆಗು’, ‘ಮಾಡು’ ಭೇದಕ್ಕೆ ಅಲ್ಲಿ ಕಿಮ್ಮತ್ತಿಲ್ಲ.

ಒಂದು ತಡೆ ಇದೆ. ಆ ಅಧಿಕಾರಿ, ಅವರ ಮೇಲಧಿಕಾರಿ ಅಥವಾ ಆ ಅಧಿಕಾರಿ ಅಧಿಕಾರ ಕೊಟ್ಟ ಬೇರೆ ಸರ್ಕಾರಿ ನೌಕರ ಲಿಖಿತ ದೂರು ಕೊಡದೆ ಕೋರ್ಟು ಈ ಅಪರಾಧವನ್ನು ವಿಚಾರಣೆಗೆ ತಗೊಳ್ಳುವಂತಿಲ್ಲ. ಬಿಎನ್‌ಎಸ್‌ಎಸ್ ಸೆಕ್ಷನ್ 215. ಬರೀ ಎಫ್‌ಐಆರ್ ತೋರಿಸಿ ಹೆದರಿಸಿದರೆ, ‘ದೂರು ಎಲ್ಲೈತ್ರೀ?’ ಅಂತ ಕೇಳಿ.